8 ಟನ್ ಬೆಳೆದವನು ಜಾಣ, 2 ಟನ್‌ನವನು ದಡ್ಡನಾ?

ಪ್ರಶ್ನೆ: ನೆದರ್‌ಲ್ಯಾಂಡ್ಸ್‌ನಲ್ಲಿ ಹೆಕ್ಟೇರಿಗೆ 8 ಟನ್‌ನಷ್ಟು ಗೋಧಿ, ಆಸ್ಟ್ರೇಲಿಯಾದಲ್ಲಿ ಸುಮಾರು 2 ಟನ್ ಅಂತ ಓದಿದೆ. ಇಷ್ಟು ವ್ಯತ್ಯಾಸ ಯಾಕೆ? ಉಳುಮೆ ಬಿಟ್ಟರೆ ಮಣ್ಣು ಉಳಿಯುತ್ತೆ ಅಂತಾರೆ. ಹಾಗಿದ್ದರೆ ಎಲ್ಲ ಕಡೆ ಬಿಡಬಹುದಲ್ವಾ?

ಉತ್ತರ: ಬರೀ ಟನ್ ಲೆಕ್ಕದಲ್ಲಿ ರೈತನ ಜಾಣತನ ಅಳೆಯುವುದು ಸರಿಯಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಅಕ್ಟೋಬರ್‌ನಲ್ಲಿ ಬಿತ್ತಿದ ಗೋಧಿ ಕೊಯ್ಲಿಗೆ ಬರುವುದು ಆಗಸ್ಟ್‌ಗೆ. ತಂಪು ಬೇಸಿಗೆ, ಉದ್ದದ ಹಗಲು. ಕಾಳು ನಿಧಾನವಾಗಿ ತುಂಬಿಕೊಳ್ಳುತ್ತದೆ.

ಆಸ್ಟ್ರೇಲಿಯಾದಲ್ಲಿ ಜಾಗಕ್ಕೆ ಬರವಿಲ್ಲ, ನೀರಿಗೆ ಬರ. ಹಾಗಾಗಿ ಮಳೆಯ ಲೆಕ್ಕ ಹಿಡಿಯಬೇಕು. 1984ರಲ್ಲಿ ಫ್ರೆಂಚ್ ಮತ್ತು ಶುಲ್ಟ್ಸ್ ಎಂಬ ವಿಜ್ಞಾನಿಗಳು ಅಲ್ಲಿಗೆ ಒಂದು ಸುಲಭ ಸೂತ್ರ ಕೊಟ್ಟರು. ಹಂಗಾಮಿನ ಮಳೆಯಲ್ಲಿ 110 ಮಿ.ಮೀ. ಸುಮ್ನೆ ಆವಿಯಾಗುತ್ತೆ ಅಂತ ಕಳೆಯಿರಿ. ಮಿಕ್ಕ ಒಂದೊಂದು ಮಿ.ಮೀ.ಗೂ ಹೆಕ್ಟೇರಿಗೆ ಹೆಚ್ಚೆಂದರೆ 20 ಕೆ.ಜಿ. ಕಾಳು. 250 ಮಿ.ಮೀ. ಮಳೆ ಬಿದ್ದರೆ 2.8 ಟನ್, ಅಷ್ಟೇ. ಈಗಿನ ತಳಿಗಳು ಇದನ್ನು ಸ್ವಲ್ಪ ದಾಟುತ್ತವೆ, ಆದರೂ ಅಂದಾಜಿಗೆ ಸಾಕು. ಅಷ್ಟು ಮಳೆಯಲ್ಲಿ 2.5 ಟನ್ ತೆಗೆದವನು ನನ್ನ ಪ್ರಕಾರ ಪಕ್ಕಾ ಕಸುಬುದಾರ.

ಇಳುವರಿ ಚೆನ್ನಾಗಿದೆ ಅಂದಮಾತ್ರಕ್ಕೆ ಮಣ್ಣೂ ಚೆನ್ನಾಗಿದೆ ಅಂತಲ್ಲ. ಅಮೆರಿಕದ ಪಲೂಸ್ ಗುಡ್ಡಗಳು ಗೋಧಿಗೆ ಹೆಸರುವಾಸಿ. ಅಲ್ಲಿನ ಸಾಗುವಳಿ ಭೂಮಿಯ 10% ಭಾಗದಲ್ಲಿ ಮೂಲ ಮೇಲ್ಮಣ್ಣು ಪೂರ್ತಿ ಹೋಗಿದೆ ಅಂತ 1978ರ ಸರ್ಕಾರಿ ಅಧ್ಯಯನ ಅಂದಾಜು ಮಾಡಿತ್ತು. ಇಳುವರಿ ಮಾತ್ರ ಏರುತ್ತಲೇ ಇತ್ತು! ಹೊಸ ತಳಿ, ಗೊಬ್ಬರ ಸೇರಿ ನಷ್ಟ ಕಾಣದ ಹಾಗೆ ಮಾಡಿದ್ದವು. ಗುಡ್ಡದ ನೆತ್ತಿಗೆ ಹೋಗಿ ನೋಡಿದರೆ ಗೊತ್ತಾಗುತ್ತದೆ, ಕಪ್ಪು ಮಣ್ಣು ಹೋಗಿ ತಿಳಿ ಬಣ್ಣದ ಜೇಡಿ ಮೇಲೆದ್ದಿರುತ್ತದೆ.

ಅಲ್ಲಿ ಮಣ್ಣು ಒಯ್ಯುವುದು ನೀರು. ಕಝಾಕಸ್ತಾನದಲ್ಲಿ ಗಾಳಿ. 1954ರಿಂದ ಸೋವಿಯತ್ ಸರ್ಕಾರ ಅಲ್ಲಿನ ಹುಲ್ಲುಗಾವಲನ್ನು ನೇಗಿಲಿನಿಂದ ಮಗುಚಿಸಿತು. 1960ರ ದಶಕ ಬರುವಷ್ಟರಲ್ಲಿ ಧೂಳು ಏಳತೊಡಗಿತು. ಆಮೇಲೆ ವಿಜ್ಞಾನಿ ಬರಾಯೆವ್ ಮತ್ತು ಸಂಗಡಿಗರು ಮಣ್ಣು ಮಗುಚದೆ, ಅಡಿಯಲ್ಲಷ್ಟೇ ಬೇರು ಕತ್ತರಿಸುವ ಸಲಕರಣೆ ಬಳಕೆಗೆ ತಂದರು. ಮೇಲೆ ಕೂಳೆ ನಿಂತೇ ಇರುತ್ತದೆ. ಅದು ಗಾಳಿಯನ್ನೂ ತಡೆಯುತ್ತದೆ, ಚಳಿಗಾಲದ ಹಿಮವನ್ನೂ ಹಿಡಿದಿಡುತ್ತದೆ. ಹಿಮ ಕರಗಿದರೆ ಬೆಳೆಗೆ ನೀರು.

ಒಣ ನೆಲದಲ್ಲಿ ಉಳುಮೆ ಬಿಡುವುದು ನಿಜಕ್ಕೂ ಲಾಭ. ಇಳಿಜಾರಿನಲ್ಲೂ ಒಳ್ಳೆಯದೇ, ಅಡ್ಡಲಾಗಿ ಬಿತ್ತಿದರೆ ಇನ್ನೂ ಒಳ್ಳೆಯದು. ತಂಪು, ತೇವ ಜಾಸ್ತಿ ಇರುವ ಜೇಡಿಮಣ್ಣಿನ ಕಥೆ ಬೇರೆ. ಹುಲ್ಲಿನ ಹೊದಿಕೆ ಇದ್ದರೆ ವಸಂತದಲ್ಲಿ ನೆಲ ಬೇಗ ಬಿಸಿಯಾಗುವುದಿಲ್ಲ, ನೀರೂ ಆರುವುದಿಲ್ಲ, ಕಳೆ ಹೆಚ್ಚುತ್ತದೆ. ಅಂಥ ಕಡೆ ಕೆಲವು ವರ್ಷಕ್ಕೊಮ್ಮೆ ನೇಗಿಲು ಇಳಿಸುವ ರೈತನನ್ನು ನಾನಂತೂ ಬೈಯುವುದಿಲ್ಲ.