ಐವತ್ತೊಂದಕ್ಕೆ ತಾಳ ಹಿಡಿಯಬಾರದಾ?

ಹೊಸನಗರ ಕಡೆಯ ಓದುಗರೊಬ್ಬರ ಪತ್ರ: "ನನಗೆ 51 ವರ್ಷ. ಮಕ್ಕಳು ಬೆಂಗಳೂರು ಸೇರಿದ್ದಾರೆ. ಯಕ್ಷಗಾನದ ಭಾಗವತಿಕೆ, ಅಂದರೆ ತಾಳ ಹಿಡಿದು ಕಥೆಯ ಪದ್ಯ ಹಾಡುವುದನ್ನು, ಕಲಿಯಬೇಕು ಅಂತ ಚಿಕ್ಕಂದಿನ ಆಸೆ. ಮಗ 'ಅದರಿಂದೇನು ಪ್ರಯೋಜನ, ಆನ್‌ಲೈನಿನಲ್ಲಿ ವ್ಯಕ್ತಿತ್ವ ವಿಕಸನದ ಕೋರ್ಸ್ ಸೇರು' ಅನ್ನುತ್ತಾನೆ. ಯಾವುದು ಸರಿ?"

ಅಕ್ಕಾ, ಉತ್ತರ ನಿಮಗೆ ಮೊದಲೇ ಗೊತ್ತಿತ್ತು. ಸುಮ್ನೆ ನನ್ನ ಬಾಯಲ್ಲಿ ಹೇಳಿಸೋಣ ಅಂತ ಬರೆದಿದ್ದೀರಿ, ಅಲ್ವಾ? ಹೇಳುತ್ತೇನೆ. ಭಾಗವತಿಕೆ ಕಲಿಯಿರಿ.

ಮಗನ ಮಾತನ್ನು ಪೂರ್ತಿ ತಳ್ಳಿಹಾಕಲಾರೆ. ನಾಲ್ಕು ಜನರ ಎದುರು ಬಾಯಿ ಬಿಡಲು ಹೆದರುವವರಿಗೆ ಅಂಥ ಕೋರ್ಸಿನಿಂದ ಧೈರ್ಯ ಬಂದದ್ದುಂಟು. ಆದರೆ ಶಿವಮೊಗ್ಗದಲ್ಲಿ ಅಂಥದೊಂದು ಶಿಬಿರದಲ್ಲಿ ನಾನೂ ಕೂತಿದ್ದೆ. ಕೋಟು ತೊಟ್ಟವರೊಬ್ಬರು 'ನಿಮ್ಮೊಳಗಿನ ಹುಲಿಯನ್ನು ಎಬ್ಬಿಸಿ' ಅಂದರು. (ನಮ್ಮ ಕಡೆ ಹುಲಿ ಎದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡುತ್ತೇವೆ.) ಎದ್ದು ಚಪ್ಪಾಳೆ ತಟ್ಟಿದೆವು, ಸರ್ಟಿಫಿಕೇಟ್ ಕೊಟ್ಟರು. ಊಟ ಚೆನ್ನಾಗಿತ್ತು.

ನಮ್ಮ ಪಕ್ಕದ ತೋಟದವರು ಐವತ್ತು ದಾಟಿದ ಮೇಲೆ ಮದ್ದಲೆ ಶುರು ಮಾಡಿದರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕತ್ತಿ ಬದಿಗಿಟ್ಟು, ತೊಡೆಯ ಮೇಲೆ ಝಂಪೆ ತಾಳದ ಹತ್ತು ಅಕ್ಷರ ಎಣಿಸುತ್ತಿದ್ದರು. ಏಳಕ್ಕೆ ಬಂದಾಗ ಕೈ ತಪ್ಪುತ್ತಿತ್ತು, ಸುಲಿಯಲು ಬಂದ ಹೆಂಗಸರು ಕಿಸಕ್ಕನೆ ನಗುತ್ತಿದ್ದರು, ಇವರು ಮತ್ತೆ ಒಂದರಿಂದ ಶುರು. ಕಲಿಸುವ ಗುರು ಇವರ ಮಗನ ಓರಗೆಯವನು. ಆ ಹುಡುಗನ ಕೈಲಿ ಬೈಸಿಕೊಂಡು, ಮರುವಾರ ಮತ್ತೆ ಅವನ ಮುಂದೆ ಹೋಗಿ ಕೂರುವುದಿದೆಯಲ್ಲ, ನನ್ನ ಲೆಕ್ಕದಲ್ಲಿ ವ್ಯಕ್ತಿತ್ವ ವಿಕಸನ ಅಂದರೆ ಅದೇ.

ಈ ವಯಸ್ಸಿಗೆ ತಲೆಗೆ ಹತ್ತುವುದಿಲ್ಲ ಅಂತ ಹೆದರಿಕೆಯಾ? ಅಮೆರಿಕದ ಸಿಯಾಟಲ್‌ನಲ್ಲಿ ವಾರ್ನರ್ ಶಾಯ್ ಎಂಬ ಮನಶ್ಶಾಸ್ತ್ರಜ್ಞರು 1956ರಲ್ಲಿ ಶುರು ಮಾಡಿ, ಏಳೇಳು ವರ್ಷಕ್ಕೊಮ್ಮೆ ಜನರ ಬುದ್ಧಿಶಕ್ತಿ ಅಳೆಯುತ್ತ ಹೋದರು. ವಯಸ್ಸಾದಂತೆ ಚುರುಕು ಇಳಿಯುತ್ತದೆ, ನಿಜ. ಆದರೆ ಪದಜ್ಞಾನ, ಯೋಚನಾಶಕ್ತಿ ನಡುವಯಸ್ಸಿನಲ್ಲೂ ಗಟ್ಟಿಯಾಗಿರುತ್ತವೆ. ಹುಡುಗರಷ್ಟು ಬೇಗ ನಿಮಗೆ ಬಾಯಿಪಾಠ ಆಗಲಿಕ್ಕಿಲ್ಲ, ಪ್ರಸಂಗದ ಪದ್ಯ ಅರ್ಥ ಹಿಡಿದು ಹಾಡುವುದು ಮಾತ್ರ ಅವರಿಗಿಂತ ಜಾಸ್ತಿ ಬಂದೀತು. ಹೆಂಗಸಿಗೆ ಯಾಕೆ ಅನ್ನುವವರಿಗೆ ಲೀಲಾವತಿ ಬೈಪಾಡಿತ್ತಾಯರ ಹೆಸರು ಹೇಳಿ. ಮದುವೆಯಾದ ಮೇಲೆ ಗಂಡನಿಂದ ಭಾಗವತಿಕೆ ಕಲಿತು ಮೇಳದಲ್ಲಿ ಹಾಡಿದವರು, 2023ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ ಬಂತು.

ಇನ್ನು ಆ 'ಪ್ರಯೋಜನ' ಅನ್ನುವ ಮಾತು. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ಎಂಬ ನಾಟಕ ಸಂಘ ಕಟ್ಟಿದವರು ಪ್ರಯೋಜನದ ಲೆಕ್ಕ ಹಾಕುತ್ತ ಕೂತಿದ್ದರೆ ಅಲ್ಲಿ ಬರೀ ಅಡಿಕೆ ಮರ ಇರುತ್ತಿತ್ತು. ನಾಟಕವಾಯಿತು, ಸಿನಿಮಾ ನೋಡಿ ಚರ್ಚೆ ಮಾಡುವ ಶಿಬಿರವಾಯಿತು, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯೂ ಬಂತು.

ಎಲ್ಲ ಊರಿಗೂ ಹೆಗ್ಗೋಡಿನ ಭಾಗ್ಯವಿಲ್ಲ, ನನ್ನ ಸಿಟ್ಟು ಇರುವುದೇ ಅಲ್ಲಿ. ನಮ್ಮೂರಿನ ವಾಚನಾಲಯ ತೆರೆಯುವುದು ಎಲ್ಲರೂ ತೋಟದಲ್ಲಿರುವಾಗ. ತೋಟದಿಂದ ಬರುವಷ್ಟರಲ್ಲಿ ಬೀಗ. ಶಾಲೆಯ ಕೋಣೆಗಳೂ ಸಂಜೆ ಸುಮ್ನೆ ಖಾಲಿ ಬಿದ್ದಿರುತ್ತವೆ. ವಾರಕ್ಕೊಂದು ಸಂಜೆ ತಾಳದ ಪಾಠಕ್ಕೆ ಕೊಡಿ ಅಂತ ಅರ್ಜಿ ಹಿಡಿದು ಹೋದರೆ, 'ದೊಡ್ಡವರಿಗೆ ಯಾಕ್ರೀ ಶಾಲೆ' ಅಂತ ನಕ್ಕು ಕಳಿಸಿದರು. ನೀವು ನಿಮ್ಮೂರಿನಲ್ಲೂ ಕೇಳಿ ನೋಡಿ. ಒಬ್ಬರೇ ಹೋಗಬೇಡಿ, ನಾಲ್ಕಾರು ಹೆಂಗಸರ ಸಹಿ ಹಾಕಿಸಿಕೊಂಡು ಹೋಗಿ. ಕೊಡುವುದಿಲ್ಲ ಅಂದರೆ ಅದನ್ನು ಕಾಗದದಲ್ಲಿ ಬರೆದುಕೊಡಿ ಅನ್ನಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.