ಏರ್ ರೈಫಲ್‌ಗೆ 20 ಎಂಓಎ ಮೌಂಟ್ ಹಾಕಿದ್ರೆ ಜೀರೋ ಸಿಗುತ್ತಾ?

ಸರ್, ಮಂಡ್ಯದಿಂದ ನೀವು ಕೇಳಿರೋದು ಇದು: ನಳಿಗೆ ಮಡಚಿ ಲೋಡ್ ಮಾಡೋ ಏರ್ ರೈಫಲ್, 25 ಮೀಟರಿನಲ್ಲಿ ಸ್ಕೋಪಿನ (ಗುರಿ ನೋಡೋ ದುರ್ಬೀನಿನ) ಡಯಲ್ ಮೇಲಿನ ಕೊನೆ ಮುಟ್ಟಿದ್ರೂ ಪೆಲೆಟ್ 6 ಸೆಂ.ಮೀ. ಕೆಳಗೇ ಬೀಳ್ತಿದೆ, ಸ್ಕೋಪ್ ಕೂರಿಸೋಕೆ ಒಂದು ತುದಿ ದಪ್ಪ ಇರೋ 20 ಎಂಓಎ ಮೌಂಟ್ ಹಾಕಿದ್ರೆ ಜೀರೋ, ಅಂದ್ರೆ ಗುರಿಯಿಟ್ಟ ಜಾಗಕ್ಕೇ ಪೆಲೆಟ್ ಬೀಳೋ ಹಾಗೆ, ಸರಿಮಾಡುತ್ತಾ?

ಮಾಡುತ್ತೆ. ಇಂಥ ರೈಫಲ್‌ಗಳಲ್ಲಿ ನಳಿಗೆ ಸ್ವಲ್ಪ ಕೆಳಮುಖ ಇರೋದು ಮಾಮೂಲು. ಎಂಓಎ ಕೋನದ ಅಳತೆ, ಒಂದು ಡಿಗ್ರಿಯ 60ನೇ ಒಂದು ಭಾಗ. ಒಂದು ಎಂಓಎ ಅಂದ್ರೆ 100 ಮೀಟರಿಗೆ 2.9 ಸೆಂ.ಮೀ., 25 ಮೀಟರಿಗೆ ಸುಮಾರು 7 ಮಿ.ಮೀ. ನಿಮ್ಮ ಕೊರತೆ 8 ಎಂಓಎ ಆಯ್ತು. ಮೌಂಟ್ 20 ಕೊಡುತ್ತೆ, ಉಳಿದ 12ನ್ನು ಡಯಲ್ ಕೆಳಗೆ ತಿರುಗಿಸಿ ಕಳೀಬೇಕು. ಡಯಲಿನ ಒಂದು ಕ್ಲಿಕ್ ಕಾಲು ಎಂಓಎ ಆದ್ರೆ 48 ಕ್ಲಿಕ್. ಆ 48 ಕ್ಲಿಕ್ಕೇ ಮುಂದೆ ದೂರದ ಗುರಿಗೆ ನಿಮ್ಮ ಕೈಲಿರೋ ಬಂಡವಾಳ. ಡಯಲ್ ಕೊನೆಯಲ್ಲಿ ಸಿಕ್ಕಿಕೊಂಡಿದ್ರೆ ಎಡ-ಬಲ ತಿರುಗಿಸೋ ಜಾಗವೂ ಕಮ್ಮಿಯಾಗುತ್ತೆ, ಅದಕ್ಕೂ ಇದು ಒಳ್ಳೇದು.

ಮೌಂಟಿನ ದಪ್ಪ ತುದಿ ಕಣ್ಣಿನ ಕಡೆಗೇ ಇರಬೇಕು. ಉಲ್ಟಾ ಹಾಕಿದ್ರೆ ಪೆಲೆಟ್ ಇನ್ನೂ ಕೆಳಗೆ ಹೋಗುತ್ತೆ. 10 ಸೆಂ.ಮೀ. ಉದ್ದದ ಮೌಂಟಲ್ಲಿ ಎರಡು ತುದಿಗಿರೋ ವ್ಯತ್ಯಾಸ ಬರೀ 0.58 ಮಿ.ಮೀ., ನೋಟ್‌ಬುಕ್ಕಿನ ಆರು ಹಾಳೆ ದಪ್ಪ. ಬರಿಗಣ್ಣಿಗೆ ಗೊತ್ತಾಗಲ್ಲ, ವರ್ನಿಯರ್ ಇಟ್ಟು ಅಳೆದು ದಪ್ಪ ಕಡೆ ಪೆನ್ಸಿಲ್ ಗುರುತು ಹಾಕ್ಕೊಳ್ಳಿ.

ಹೊಸ ಮೌಂಟ್ ಕೂರಿಸಿದ ಮೇಲೆ ಹಳೇ ಜೀರೋ ಮರೆತುಬಿಡಿ. ಮೊದಲು 10 ಮೀಟರಿನಲ್ಲಿ ದೊಡ್ಡ ರಟ್ಟು ನಿಲ್ಲಿಸಿ ಮೂರು ಹೊಡೀರಿ, ಆಮೇಲೆ 25ಕ್ಕೆ ಹೋಗಿ. ರಟ್ಟಿನ ಹಿಂದೆ ದಪ್ಪ ಮಣ್ಣಿನ ದಿಣ್ಣೆ ಇರಲೇಬೇಕು. ದಯವಿಟ್ಟು ನಾಲೆ ಏರಿ ಮೇಲೆ ಬೇಡ, ಅಲ್ಲಿ ಜನ, ದನ ಓಡಾಡ್ತಾ ಇರ್ತವೆ.