ನೈನರ್ಸ್‌ನ ಇತ್ತೀಚಿನ ಡ್ರಾಫ್ಟ್ ಆಯ್ಕೆಗಳು ನಿರಾಶೆ ತಂದಿವೆ ಅಂತ ಸೀಸನ್ ಟಿಕೆಟ್ ಬಿಡಬೇಕಾ?

ಸ್ಯಾನ್ ಫ್ರಾನ್ಸಿಸ್ಕೊ ನೈನರ್ಸ್ (49ers) ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡದ ಬಗ್ಗೆ ನಿಮ್ಮ ಈ ಪ್ರಶ್ನೆ ಓದುವಾಗ 2022ರ ನಾನೇ ಕಣ್ಣ ಮುಂದೆ ಬಂದೆ. ನಿಮ್ಮ ಗೆಳೆಯರ ಗುಂಪಿನಲ್ಲಿ ಅರ್ಧ ಜನ ತಂಡದ ಜನರಲ್ ಮ್ಯಾನೇಜರ್ ಜಾನ್ ಲಿಂಚ್‌ನನ್ನು ಮನೆಗೆ ಕಳಿಸಬೇಕು ಅನ್ನುತ್ತಾರೆ, ಉಳಿದವರು ಇನ್ನೂ ಕಾಯೋಣ ಅನ್ನುತ್ತಾರೆ, ನಿಮ್ಮ ಟಿಕೆಟ್ಟಿನ ಪಾಲು ಇಟ್ಟುಕೊಳ್ಳಲಾ ಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನು ಬಿಟ್ಟಿದ್ದೆ.

ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ ನಮ್ಮ ಗೆಳೆಯರೊಬ್ಬರ ಹೆಸರಿನಲ್ಲಿ ಎರಡು ಸೀಟುಗಳಿದ್ದವು. ಅಲ್ಲಿ ಸೀಸನ್ ಟಿಕೆಟ್ ಕೊಳ್ಳುವ ಹಕ್ಕಿಗೇ ಮೊದಲು ಒಂದು ದೊಡ್ಡ ಮೊತ್ತ ಕಟ್ಟಬೇಕು. ಆಮೇಲೆ ವರ್ಷ ವರ್ಷ ಟಿಕೆಟ್ಟಿನ ದುಡ್ಡು ಬೇರೆ. ಹಕ್ಕು ಅವರದು, ವರ್ಷದ ಖರ್ಚು ನಾವು ನಾಲ್ಕು ಮನೆಯವರು ಹಂಚಿಕೊಳ್ಳುತ್ತಿದ್ದೆವು, ಪಂದ್ಯಗಳನ್ನೂ ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದೆವು. ನಮ್ಮ ಸೀಟು ಪೂರ್ವದ ಕಡೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೂತವರಿಗೇ ಗೊತ್ತು, ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ, ಕುರ್ಚಿ ಮುಟ್ಟಲಾಗದಷ್ಟು ಕಾದಿರುತ್ತದೆ. ಹಾಗಾಗಿ ಎಲ್ಲರ ಕಣ್ಣೂ ಡಿಸೆಂಬರ್ ಪಂದ್ಯಗಳ ಮೇಲೆ. 2022ರಲ್ಲಿ ಡಿಸೆಂಬರ್ ಸರದಿ ನನ್ನದಿತ್ತು.

ಅದಕ್ಕೂ ಒಂದು ವರ್ಷ ಹಿಂದಿನ ಕಥೆ ನಿಮಗೆ ಗೊತ್ತಿರಬಹುದು. ಆದರೂ ಹೇಳುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಹುಟ್ಟಿದ್ದೇ ಅಲ್ಲಿ. ಡ್ರಾಫ್ಟ್ ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುವುದು, ನಮ್ಮ ಐಪಿಎಲ್ ಹರಾಜಿನ ಥರ ಅಲ್ಲ. ದುಡ್ಡು ಜಾಸ್ತಿ ಇದ್ದವರು ಕೂಗಿ ಕೊಳ್ಳುವ ಹಾಗಿಲ್ಲ. 32 ತಂಡ, ಏಳು ರೌಂಡ್. ಹಿಂದಿನ ವರ್ಷ ಕಳಪೆಯಾಗಿ ಆಡಿದವರಿಗೆ ಮೊದಲ ಸರದಿ. ಆಟಗಾರರು ಕಾಲೇಜಿನಿಂದ ನೇರ ಬರುವ ಹುಡುಗರು. ಇನ್ನೂ ಮೊದಲಿನ ಸರದಿ ಬೇಕಿದ್ದರೆ ಬೇರೆ ತಂಡದಿಂದ ಪಡೆಯಬೇಕು, ಅದಕ್ಕೆ ಸಾಮಾನ್ಯವಾಗಿ ನಮ್ಮ ಸರದಿಗಳನ್ನೇ ಕೊಡಬೇಕು. 2021ರಲ್ಲಿ ನೈನರ್ಸ್ ಹಾಗೇ ಮಾಡಿದರು. 12ನೇ ಸ್ಥಾನದಿಂದ 3ಕ್ಕೆ ಏರಲು ಮಯಾಮಿ ಡಾಲ್ಫಿನ್ಸ್‌ಗೆ ಆ 12ನೇ ಪಿಕ್ (ಆಯ್ಕೆಯ ಸರದಿ), 2022 ಮತ್ತು 2023ರ ಮೊದಲ ರೌಂಡ್ ಪಿಕ್‌ಗಳು, ಜೊತೆಗೆ 2022ರ ಒಂದು ಮೂರನೇ ರೌಂಡ್ ಪಿಕ್ ಕೊಟ್ಟರು. ಅಷ್ಟು ಕೊಟ್ಟು ಆರಿಸಿದ್ದು ಟ್ರೇ ಲ್ಯಾನ್ಸ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವನನ್ನು. ನಾರ್ತ್ ಡಕೋಟಾ ಸ್ಟೇಟ್‌ನ ಹುಡುಗ, ಕಾಲೇಜಿನಲ್ಲಿ ಶುರುವಿನಿಂದ ಆಡಿದ್ದು 17 ಪಂದ್ಯ ಮಾತ್ರ. ನಾವು ಕೊಟ್ಟ ಆ 12ನೇ ಪಿಕ್ ಕೈಯಿಂದ ಕೈಗೆ ಹೋಗಿ ಕೊನೆಗೆ ಡಲ್ಲಾಸ್ ಸೇರಿತು. ಅವರು ಅದರಲ್ಲಿ ಮೈಕಾ ಪಾರ್ಸನ್ಸ್‌ನನ್ನು ಆರಿಸಿದರು. ಆ ಸೀಸನ್ ಪೂರ್ತಿ ಪಾರ್ಸನ್ಸ್ ಕ್ವಾರ್ಟರ್‌ಬ್ಯಾಕ್‌ಗಳನ್ನು ನೆಲಕ್ಕೆ ಕೆಡವುವುದನ್ನು ನೋಡುತ್ತಾ ನನ್ನ ಹೊಟ್ಟೆ ಉರಿಯುತ್ತಿತ್ತು. ನಮ್ಮ ಲ್ಯಾನ್ಸ್ ಬಹುಪಾಲು ಬೆಂಚಿನ ಮೇಲಿದ್ದ.

ಏಪ್ರಿಲ್ 2022. ಡ್ರಾಫ್ಟ್‌ನ ಮೊದಲ ದಿನ ನಮಗೆ ಹೆಸರೇ ಇಲ್ಲ. ಎರಡನೇ ದಿನ 61ನೇ ಪಿಕ್ ಡ್ರೇಕ್ ಜಾಕ್ಸನ್, 93 ಟೈ ಡೇವಿಸ್-ಪ್ರೈಸ್, 105 ಡ್ಯಾನಿ ಗ್ರೇ. ಮೂರನೇ ದಿನದ ಪಟ್ಟಿಯನ್ನು ನಾನು ಸರಿಯಾಗಿ ಓದಲೂ ಇಲ್ಲ. ಡ್ರಾಫ್ಟ್ ಮುಗಿದ ಮರುದಿನ ಬೆಳಿಗ್ಗೆ ಪಂಡಿತರ ಗ್ರೇಡ್‌ಗಳು ಬಂದವು. ನಾನು ಕಣ್ಣಿಗೆ ಬಿದ್ದ ಅತಿ ಕೆಳಗಿನ ಗ್ರೇಡನ್ನೇ ಗುಂಪಿಗೆ ಹಾಕಿ, ಉದ್ದ ಮೆಸೇಜ್ ಬರೆದು, ಈ ತಂಡಕ್ಕೆ ಇನ್ನು ನನ್ನ ದುಡ್ಡಿಲ್ಲ ಅಂದುಬಿಟ್ಟೆ. ಗೆಳೆಯರು ಫೋನ್ ಮಾಡಿ, "ವೇಳಾಪಟ್ಟಿ ಬರಲಿ, ಆಮೇಲೆ ಹೇಳಿ" ಅಂದರು. ಕೇಳಲಿಲ್ಲ. ವಾರದೊಳಗೆ ನನ್ನ ಪಾಲು ಮತ್ತೊಬ್ಬರಿಗೆ ಹೋಯಿತು. ಅವರು ಇವತ್ತಿಗೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನನ್ನ ಲೆಕ್ಕ ಎಲ್ಲಿ ತಪ್ಪಿತ್ತು ಅಂತ ಪೂರ್ತಿ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಲೆಕ್ಕ ಕಾಣಿಸುತ್ತಿದೆ.

ಒಂದು, ನಾನು ಗ್ರೇಡ್ ನಂಬಿದೆ. ಮರುದಿನದ ಗ್ರೇಡ್ ಏನು ಅಳೆಯುತ್ತದೆ ಅಂತ ಯೋಚಿಸಿ. ಡ್ರಾಫ್ಟ್‌ಗೆ ಮುಂಚೆ ಆ ಪಂಡಿತರೇ ಒಂದು ಪಟ್ಟಿ ಮಾಡಿರುತ್ತಾರೆ. ತಂಡ ಆ ಪಟ್ಟಿಯಂತೆ ನಡೆದರೆ ಎ, ಬಿಟ್ಟು ಹೋದರೆ ಸಿ. ಅಂದರೆ ತಂಡಕ್ಕೂ ಪಂಡಿತರಿಗೂ ಎಷ್ಟು ಹೊಂದಿಕೆಯಾಯಿತು ಅನ್ನುವುದಷ್ಟೇ ಅದರಲ್ಲಿರುತ್ತದೆ. ಆ ಹುಡುಗ ಇನ್ನೂ ಒಂದು ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರುವಾಗುವ ಕ್ಷಣ) ಕೂಡ ಆಡಿರುವುದಿಲ್ಲ.

ಇನ್ನೊಂದು, ಒಂದೇ ಸಾಲವನ್ನು ನಾನು ಎರಡು ಸಲ ಬರೆದುಕೊಂಡೆ. ಲ್ಯಾನ್ಸ್‌ಗಾಗಿ ಕೊಟ್ಟ ಬೆಲೆಗೆ 2021ರಲ್ಲೇ ಸಿಟ್ಟಾಗಿದ್ದೆ. 2022ರಲ್ಲಿ ಮೊದಲ ರೌಂಡ್ ಖಾಲಿ ಕಂಡಾಗ ಅದೇ ಬೆಲೆಗೆ ಮತ್ತೆ ಸಿಟ್ಟಾದೆ. ಅದು 2022ರ ತಪ್ಪಾಗಿರಲಿಲ್ಲ, ಆ ಪಿಕ್ ಹೋಗಿ ಆಗಲೇ ವರ್ಷವಾಗಿತ್ತು. 2022ರಲ್ಲಿ ಅವರ ಕೈಯಲ್ಲಿ ಇದ್ದದ್ದರಲ್ಲಿ ಏನು ಮಾಡಿದರು ಅಂತ ನೋಡಬೇಕಿತ್ತು. ನಾನು ಇಲ್ಲದ್ದನ್ನೇ ನೋಡುತ್ತಾ ಕೂತೆ.

ಎಲ್ಲಕ್ಕಿಂತ ದೊಡ್ಡದು, ಈ ತಂಡ ಎಲ್ಲಿಂದ ಆಟಗಾರರನ್ನು ಹುಡುಕಿ ತರುತ್ತದೆ ಅನ್ನುವುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಮರೆತೆ. 2017ರಲ್ಲಿ 3ನೇ ಪಿಕ್‌ನಲ್ಲಿ ಸಾಲಮನ್ ಥಾಮಸ್, 31ರಲ್ಲಿ ರೂಬೆನ್ ಫಾಸ್ಟರ್. ಇಬ್ಬರೂ ಉಳಿಯಲಿಲ್ಲ. ಅದೇ ವರ್ಷ ಐದನೇ ರೌಂಡ್‌ನಲ್ಲಿ, 146ನೇ ಪಿಕ್, ಜಾರ್ಜ್ ಕಿಟಲ್. 2018ರಲ್ಲಿ 70ನೇ ಪಿಕ್ ಫ್ರೆಡ್ ವಾರ್ನರ್. 2019ರಲ್ಲಿ 148 ಡ್ರೇ ಗ್ರೀನ್‌ಲಾ. 2021ರಲ್ಲಿ, ಲ್ಯಾನ್ಸ್ ಬಂದ ಅದೇ ಡ್ರಾಫ್ಟ್‌ನಲ್ಲಿ, 180ನೇ ಪಿಕ್ ಟಲನೋವಾ ಹುಫಾಂಗಾ. 2022ರಲ್ಲಿ ಆತ ಇಡೀ ಲೀಗಿನ ಆ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಯಲ್ಲಿ, ಅಂದರೆ ಆಲ್-ಪ್ರೋ ಮೊದಲ ತಂಡದಲ್ಲಿದ್ದ. ಈ ತಂಡದ ನಿಜವಾದ ಡ್ರಾಫ್ಟ್ ನಡೆಯುವುದು ಮೂರನೇ ದಿನ, ನಾವೆಲ್ಲ ಟಿವಿ ಆರಿಸಿದ ಮೇಲೆ. ನಾನು ಓದದೆ ಬಿಟ್ಟ ಆ 2022ರ ಪಟ್ಟಿಯ ಕೊನೇ ಸಾಲಿನಲ್ಲಿ, 262ನೇ ಪಿಕ್, ಇಡೀ ಡ್ರಾಫ್ಟ್‌ನ ಕಟ್ಟಕಡೆಯ ಹೆಸರು, ಐಯೋವಾ ಸ್ಟೇಟ್‌ನ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ಇದ್ದ. ಕಾಲೇಜಿನಲ್ಲಿ 46 ಪಂದ್ಯ ಶುರುವಿನಿಂದ ಆಡಿದವನು.

ಸೆಪ್ಟೆಂಬರ್‌ನಲ್ಲಿ ಸಿಯಾಟಲ್ ವಿರುದ್ಧ ಲ್ಯಾನ್ಸ್‌ನ ಕಣಕಾಲು ಮುರಿಯಿತು. ಅವನ ಜಾಗಕ್ಕೆ ಜಿಮ್ಮಿ ಗರಾಪೊಲೊ ಬಂದ. ಡಿಸೆಂಬರ್ 4, ಎದುರಿಗೆ ಅದೇ ಮಯಾಮಿ. ನಾನು ಸನ್ನಿವೇಲ್‌ನ ಮನೆಯಲ್ಲಿ ಟಿವಿ ಮುಂದೆ. ಸ್ಟೇಡಿಯಂ ಮನೆಯಿಂದ ಕಾರಿನಲ್ಲಿ ಸ್ವಲ್ಪವೇ ದೂರ. ಮಯಾಮಿ ಮೊದಲ ಆಟದಲ್ಲೇ 75 ಗಜದ ಟಚ್‌ಡೌನ್ ಹೊಡೆಯಿತು. ಆಮೇಲೆ ನಮ್ಮ ಮೊದಲ ಸರಣಿಯಲ್ಲೇ ಗರಾಪೊಲೊ ಪಾದ ಮುರಿದುಕೊಂಡು ಹೊರಗೆ ಹೋದ. 13ನೇ ನಂಬರಿನ ಹುಡುಗ ಪರ್ಡಿ ಒಳಗೆ ಬಂದ. ಮನೆಯವರು "ಇವನ್ಯಾರು?" ಅಂತ ಕೇಳಿದರು. ನನಗೆ ಹೆಸರು ಗೊತ್ತಿತ್ತು, ಅಷ್ಟೇ. ಆತ ಎರಡು ಟಚ್‌ಡೌನ್ ಎಸೆದ, 33-17ಕ್ಕೆ ಗೆದ್ದೆವು. ನಮ್ಮ ಸೀಟಿನಿಂದ ಗೆಳೆಯರು ಕಳಿಸಿದ ವಿಡಿಯೋದಲ್ಲಿ ಆಟ ಕಾಣುವುದೇ ಇಲ್ಲ, ಪೂರ್ತಿ ಕಿರುಚಾಟ.

ಮುಂದಿನ ಭಾನುವಾರ ಇನ್ನೂ ದೊಡ್ಡದು. ಎದುರಿಗೆ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ. ಪಕ್ಕದ ಸ್ಯಾನ್ ಮಟೇಯೊದಲ್ಲಿ ಬೆಳೆದವನು, ಚಿಕ್ಕಂದಿನಲ್ಲಿ ನೈನರ್ಸ್ ಅಭಿಮಾನಿ, ತಾನೂ 2000ದಲ್ಲಿ 199ನೇ ಪಿಕ್ ಆಗಿ ಬಂದವನು. ಪರ್ಡಿ ಶುರುವಿನಿಂದ ಆಡಿದ ಮೊದಲ ಪಂದ್ಯ ಅದು. ಅರ್ಧ ಮುಗಿಯುವ ಹೊತ್ತಿಗೆ 28-0, ಕೊನೆಗೆ 35-7. ನಡುವೆ ಕ್ಯಾಮೆರಾ ಗ್ಯಾಲರಿಯ ಕಡೆ ತಿರುಗಿದಾಗ ಪರ್ಡಿಯ ಅಪ್ಪ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನೂ ಅತ್ತೆ. ಖುಷಿಗೆ ಸ್ವಲ್ಪ, ಅಲ್ಲಿ ಇಲ್ಲವಲ್ಲ ಅನ್ನುವ ಸಂಕಟಕ್ಕೆ ಜಾಸ್ತಿ. ಆ ಎರಡೂ ಪಂದ್ಯ ನನ್ನ ಸರದಿಯವು. ಆಮೇಲೆ ಒಂಟಿ ಟಿಕೆಟ್ ಕೊಂಡು ಹೋಗಿದ್ದೇನೆ, ಒಳ್ಳೊಳ್ಳೆ ಪಂದ್ಯ ನೋಡಿದ್ದೇನೆ. ಆದರೆ ಆ ಎರಡು ಭಾನುವಾರ ಮತ್ತೆ ಯಾರೂ ಮಾರುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ. "ಡ್ರಾಫ್ಟ್ ಆಯ್ಕೆಗಳು ನಿರಾಶೆಯೇ" ಅಂತ ಕೇಳುವುದನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ಗುಂಪಿನವರು 2023ನ್ನು ಕೆಟ್ಟ ವರ್ಷ ಅನ್ನುತ್ತಿದ್ದಾರೆ, ಮೊದಲ ಆಯ್ಕೆಯೇ 87ನೇ ಪಿಕ್ ಅಂತ. ಆ ವರ್ಷದ ಎರಡನೇ, ಮೂರನೇ, ನಾಲ್ಕನೇ ರೌಂಡ್ ಪಿಕ್‌ಗಳು ಎಲ್ಲಿ ಹೋದವು? 2022ರ ಅಕ್ಟೋಬರ್‌ನಲ್ಲಿ ಕ್ಯಾರೊಲೈನಾಗೆ ಹೋದವು. ಬದಲಿಗೆ ಬಂದವನು ಕ್ರಿಶ್ಚಿಯನ್ ಮೆಕ್ಯಾಫ್ರಿ. 2023ರಲ್ಲಿ ಲೀಗಿನ ಅತ್ಯುತ್ತಮ ಆಕ್ರಮಣ ಆಟಗಾರ ಪ್ರಶಸ್ತಿ ಅವನದೇ. ಅವನನ್ನು ಡ್ರಾಫ್ಟ್ ಲೆಕ್ಕದಿಂದ ಹೊರಗಿಟ್ಟು 2023 ಬರಡು ಅಂದರೆ ಅದು ಸರಿಯಾದ ಲೆಕ್ಕ ಅಲ್ಲ. ಪಿಕ್ ಅಂದರೆ ಬಂಡವಾಳ. ಅದು ಹುಡುಗನಾಗಿಯೂ ಬರಬಹುದು, ಪಳಗಿದ ಆಟಗಾರನಾಗಿಯೂ ಬರಬಹುದು. ನಾವು ಮಯಾಮಿಗೆ ಕೊಟ್ಟ 2023ರ ಮೊದಲ ರೌಂಡ್ ಪಿಕ್ ಡೆನ್ವರ್‌ಗೆ ಹೋಯಿತು, ಡೆನ್ವರ್ ಅದನ್ನು ನ್ಯೂ ಆರ್ಲಿಯನ್ಸ್‌ಗೆ ಕೊಟ್ಟು ಷಾನ್ ಪೇಟನ್ ಅನ್ನುವ ಕೋಚನ್ನೇ ತಂದುಕೊಂಡಿತು.

ಸಂಬಳದ ಲೆಕ್ಕವನ್ನೂ ಯಾರೂ ಹೇಳುವುದಿಲ್ಲ. ಡ್ರಾಫ್ಟ್ ಆದ ಹುಡುಗನ ನಾಲ್ಕು ವರ್ಷದ ಸಂಬಳ ಪಿಕ್ ನಂಬರಿನ ಮೇಲೆ ನಿಂತಿರುತ್ತದೆ. ಲ್ಯಾನ್ಸ್‌ನ ಒಪ್ಪಂದ ಸುಮಾರು 3.4 ಕೋಟಿ ಡಾಲರ್, ಪರ್ಡಿಯದು ಸುಮಾರು 37 ಲಕ್ಷ. ಪರ್ಡಿ ವರ್ಷಕ್ಕೆ 10 ಲಕ್ಷ ಡಾಲರ್ ಕೂಡ ಪಡೆಯದೆ ತಂಡವನ್ನು 2024ರ ಫೆಬ್ರವರಿಯ ಸೂಪರ್ ಬೌಲ್‌ಗೆ, ಅಂದರೆ ಲೀಗಿನ ಫೈನಲ್‌ಗೆ, ಒಯ್ದ. ಮಿಕ್ಕ ದುಡ್ಡಿನಲ್ಲೇ ದೊಡ್ಡ ದೊಡ್ಡ ಆಟಗಾರರನ್ನು ಉಳಿಸಿಕೊಂಡರು. 2025ರಲ್ಲಿ ಅವನಿಗೆ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಕೊಟ್ಟರು. ಇನ್ನು ಮೇಲೆ ಆ ಉಳಿತಾಯ ಇಲ್ಲ. ಹಾಗಾಗಿ ಡ್ರಾಫ್ಟ್ ಬಗ್ಗೆ ನಿಮಗೆ ಚಿಂತೆ ಇದ್ದರೆ ಅದಕ್ಕೆ ಕಾರಣ ಇದೆ, ಅದನ್ನು ಅಲ್ಲಗಳೆಯುವುದಿಲ್ಲ.

ಟೀಕೆ ಮಾಡುವವರು ಒಂದು ಕಡೆ ಪೂರ್ತಿ ಸರಿ. ಮೂರನೇ ರೌಂಡ್. ಟ್ರೇ ಸರ್ಮನ್, ಡೇವಿಸ್-ಪ್ರೈಸ್, ಗ್ರೇ, ಕ್ಯಾಮರಾನ್ ಲಾಟು, ಒಬ್ಬರೂ ನಿಲ್ಲಲಿಲ್ಲ. 2023ರಲ್ಲಿ 99ನೇ ಪಿಕ್ ಕೊಟ್ಟು ಕಿಕ್ಕರ್ ಜೇಕ್ ಮೂಡಿಯನ್ನು ತಂದದ್ದು ನನ್ನ ಪ್ರಕಾರ ಈ ಎಲ್ಲ ವರ್ಷಗಳ ಅತಿ ಕೆಟ್ಟ ಆಯ್ಕೆ. ಲ್ಯಾನ್ಸ್‌ಗಿಂತ ಕೆಟ್ಟದ್ದು. ಲ್ಯಾನ್ಸ್ ವಿಷಯದಲ್ಲಿ ಕನಿಷ್ಠ ದೊಡ್ಡದಕ್ಕೆ ಕೈ ಹಾಕಿದ್ದರು. ಮೂಡಿ ಆ ಸೂಪರ್ ಬೌಲ್‌ನಲ್ಲಿ 55 ಗಜದ ಕಿಕ್ ಹೊಡೆದದ್ದು ನಿಜ. ಆದರೆ ಅವನ ಒಂದು ಎಕ್ಸ್‌ಟ್ರಾ ಪಾಯಿಂಟ್ (ಟಚ್‌ಡೌನ್ ಆದ ಮೇಲಿನ ಒಂದು ಅಂಕದ ಕಿಕ್) ತಡೆಯಲ್ಪಟ್ಟಿತು, ಪಂದ್ಯ 19-19ಕ್ಕೆ ನಿಂತು ಓವರ್‌ಟೈಮ್‌ಗೆ ಹೋಯಿತು, ಕ್ಯಾನ್ಸಸ್ ಸಿಟಿ 25-22ಕ್ಕೆ ಗೆದ್ದಿತು. 2025ರ ಮೊದಲ ಪಂದ್ಯ ಆಗುತ್ತಲೇ ಅವನನ್ನು ತೆಗೆದರು. ಅದೇ ಸೂಪರ್ ಬೌಲ್‌ನಲ್ಲಿ ಒಂದು ಟಚ್‌ಡೌನ್ ಎಸೆದು ಇನ್ನೊಂದನ್ನು ಹಿಡಿದವನು ಜವಾನ್ ಜೆನ್ನಿಂಗ್ಸ್. 2020ರ ಏಳನೇ ರೌಂಡ್, 217ನೇ ಪಿಕ್.

ನಿಮ್ಮ ಗುಂಪಿನ ಹಿರಿಯರನ್ನು ಆಲೆಕ್ಸ್ ಸ್ಮಿತ್ ಬಗ್ಗೆ ಕೇಳಿ ನೋಡಿ. ಕ್ವಾರ್ಟರ್‌ಬ್ಯಾಕ್, 2005ರ ಮೊದಲನೇ ಪಿಕ್. ಉತ್ತರ ಕ್ಯಾಲಿಫೋರ್ನಿಯಾದವನೇ ಆದ ಆರನ್ ರಾಜರ್ಸ್‌ನನ್ನು ಬಿಟ್ಟು ಇವನನ್ನು ಆರಿಸಿದರು ಅಂತ ತಂಡದ ಹಳೆಯ ಸ್ಟೇಡಿಯಂ ಕ್ಯಾಂಡಲ್‌ಸ್ಟಿಕ್‌ನಲ್ಲಿ ಜನ ವರ್ಷಗಟ್ಟಲೆ ಕೂಗಿ ಗೇಲಿ ಮಾಡಿದರು. ಕೋಚ್‌ಗಳು ಬದಲಾಗುತ್ತಲೇ ಇದ್ದರು. 2011ರಲ್ಲಿ ಜಿಮ್ ಹಾರ್ಬಾ ಬಂದ ಮೇಲೆ ತಂಡ 13 ಪಂದ್ಯ ಗೆದ್ದಿತು. 2012ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್ ವಿರುದ್ಧ ಒಂಬತ್ತು ಸೆಕೆಂಡ್ ಉಳಿದಿರುವಾಗ ವರ್ನನ್ ಡೇವಿಸ್‌ಗೆ ಎಸೆದ ಆ ಗೆಲುವಿನ ಪಾಸ್ ಸ್ಮಿತ್‌ನದೇ. ಏಳನೇ ವರ್ಷದಲ್ಲಿ. ರಾಜರ್ಸ್ ಸ್ಮಿತ್‌ಗಿಂತ ದೊಡ್ಡ ಆಟಗಾರ, ಅದರಲ್ಲಿ ಅನುಮಾನ ಇಲ್ಲ. ಆದರೆ ಸ್ಮಿತ್ ದಂಡ ಅಂದವರು ಆ ಸಂಜೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆದ್ದರಿಂದ ಮೂರು ಸೀಸನ್ ಮುಗಿಯುವವರೆಗೆ ಯಾವ ಡ್ರಾಫ್ಟ್‌ಗೂ ಹೆಸರಿಡಬೇಡಿ. 2021, 2022, 2023ನ್ನು ಈಗ ಧಾರಾಳವಾಗಿ ಬೈಯಬಹುದು, ಹೊಗಳಬಹುದು. 2025ರ ಮೊದಲ ಆಯ್ಕೆ ಮೈಕಲ್ ವಿಲಿಯಮ್ಸ್‌ಗೆ ಮೊದಲ ಸೀಸನ್ ನಡುವೆಯೇ ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿಯಿತು, ಅವನ ಬಗ್ಗೆ ಈಗಲೇ ತೀರ್ಪು ಕೊಡುವುದು ಅನ್ಯಾಯ. 2024ರ ಗುಂಪಿನ ಮೇಲೆ ನನಗೆ ಭರವಸೆ ಇದೆ. ರಿಕಿ ಪಿಯರ್ಸಲ್ ಎದೆಗೆ ಗುಂಡು ತಗುಲಿದ ಎರಡೇ ತಿಂಗಳೊಳಗೆ ಮೈದಾನಕ್ಕೆ ಬಂದ ಹುಡುಗ. ಅದೇ ವರ್ಷ 86ನೇ ಪಿಕ್‌ನಲ್ಲಿ ಬಂದ ಡೊಮಿನಿಕ್ ಪುನಿ ಮೊದಲ ದಿನದಿಂದಲೇ ಬಲ ಗಾರ್ಡ್ (ಮುಂದೆ ನಿಂತು ಎದುರಾಳಿಗಳನ್ನು ತಡೆಯುವವನು) ಜಾಗ ಹಿಡಿದ. ಮೂರನೇ ರೌಂಡ್‌ನಲ್ಲಿ ಕೊನೆಗೂ ಒಬ್ಬ ಸಿಕ್ಕಿದ ಅಂತ ನನಗೆ ತುಂಬಾ ಸಮಾಧಾನ.

ನಿಮ್ಮ ಪಾಲಿನ ದುಡ್ಡು ಕಟ್ಟಿಬಿಡಿ. ಮುಂದಿನ ಸಲ ಸ್ಟೇಡಿಯಂಗೆ ಹೋದಾಗ ಒಂದೆರಡು ಸರಣಿ ಚೆಂಡಿನ ಹಿಂದೆ ಹೋಗಬೇಡಿ, 77ನೇ ನಂಬರಿನ ಪುನಿಯನ್ನೇ ನೋಡಿ. ಸ್ನ್ಯಾಪ್ ಆದ ಕೂಡಲೇ ಅವನ ಕಾಲು ಎಲ್ಲಿ ಹೋಗುತ್ತದೆ, ಎದುರಿನವನನ್ನು ಎಷ್ಟು ಹೊತ್ತು ಹಿಡಿದು ನಿಲ್ಲಿಸುತ್ತಾನೆ ಅಂತ ಗಮನಿಸಿ. ಟಿವಿಯಲ್ಲಿ ಅದು ಕಾಣುವುದಿಲ್ಲ. ಗುಂಪಿನಲ್ಲಿ ಜಗಳ ಮಾಡಲೇಬೇಕಿದ್ದರೆ ಅದನ್ನು ನೋಡಿ ಬಂದ ಮೇಲೆ ಮಾಡಿ.